ಬಾಯಿ ಬಿಡಿಸಿದವರು

"ಮಾವ, ಕರ್ತನ್ನ ನಂಬೋದಾದ್ರೆ ಒಂದ್ಸಲ ಕಣ್ಣು ಮುಚ್ಚಿ ತೆಗೀರಿ. ನಿಮ್ಮಿಂದ ಅಷ್ಟು ಬಂದ್ರೆ ಸಾಕು," ಎಂದು ಅಭಿಲಾಷ್ ಮಂಚದ ಮೇಲೆ ಬಾಗಿದ. ಅವನು ಮನೆಯ ಅಳಿಯ. ಕಡೂರಿನಲ್ಲೇ ಹೊಸದಾಗಿ ಪ್ರಾರ್ಥನಾ ಮಂದಿರ ತೆರೆದಿರುವ ಪಾಸ್ಟರ್. ಮನುಷ್ಯ ತಾನಾಗಿ ಮನಸ್ಸು ಮಾಡಿ, ಬಾಯಿ ಬಿಟ್ಟು ನಂಬಿಕೆ ಒಪ್ಪಿಕೊಳ್ಳದೆ ರಕ್ಷಣೆ ಇಲ್ಲ ಎಂಬುದು ಅವನ ಗಟ್ಟಿ ನಿಲುವು. ಲಕ್ವ ಹೊಡೆದ ಮಾವನ ಮಟ್ಟಿಗೆ ಆ ಷರತ್ತನ್ನು ಬಾಯಿಯಿಂದ ಕಣ್ಣಿಗೆ ಇಳಿಸಿದ್ದ.

ಜಯಶೀಲಪ್ಪ ಕಣ್ಣು ಮುಚ್ಚಲಿಲ್ಲ. ಅಳಿಯನ ಮೂಗನ್ನೇ ನೋಡುತ್ತ ಮಲಗಿದ್ದ.

"ರೆಪ್ಪೆ ಬಡಿದ್ರೆ ರಕ್ಷಣೆ ಆಗೋದಾದ್ರೆ, ಅಳಿಯಂದ್ರೇ, ನೊಣ ಕೂತ್ರೂ ಆಗುತ್ತೆ ಬಿಡಿ," ಎಂದ ಕುರ್ಚಿಯಲ್ಲಿದ್ದ ಪ್ರಭುದಾಸ. ಜಯಶೀಲಪ್ಪನ ಹೆಂಡತಿ ವಿಮಲಮ್ಮನ ಅಣ್ಣ, ತರೀಕೆರೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದ. ಅಲ್ಲಿನ ಹಳೇ ಕ್ರೈಸ್ತ ಸಭೆಯ ಹಿರಿಯ. "ಕರ್ತ ಆರಿಸೋದಾದ್ರೆ ಭಾವ ಹುಟ್ಟೋಕೆ ಮುಂಚೇನೇ ಆರಿಸಿ ಆಗಿದೆ. ಮನುಷ್ಯಂದು ಅದ್ರಲ್ಲಿ ಏನೂ ನಡೆಯಲ್ಲ. ಎಲ್ಲ ಕೃಪೆ."

"ಹಂಗಾದ್ರೆ ಪ್ರತಿ ಭಾನುವಾರ ನೀವು ಪ್ರಸಂಗ ಯಾಕೆ ಮಾಡ್ತೀರಿ, ದೊಡ್ಮಾವ?"

"ಮಾಡ್ಬೇಕು ಅಂತ ಅವನೇ ಇಟ್ಟಿದ್ದಾನೆ, ಮಾಡ್ತೀನಿ."

"ಕೇಳೋರು ನಿದ್ದೆ ಹೊಡೀಬೇಕು ಅಂತಾನೂ ಅವನೇ ಇಟ್ಟಿದ್ದಾನಾ?"

ಜಯಶೀಲಪ್ಪನಿಗೆ ನಗು ಗಂಟಲ ತನಕ ಬಂತು. ನುಂಗಿಕೊಂಡ. ಅವನ ಮಾತು ಬಿದ್ದುಹೋಗಿ ಮೂರು ತಿಂಗಳಾಗಿತ್ತು. ಆದರೆ ಮೊನ್ನೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ, ಬೆಕ್ಕು ಬಂದು ಹಾಲಿನ ಪಾತ್ರೆಗೆ ಬಾಯಿ ಹಾಕಿತು. "ಥೂ ನಿನ್ನ!" ಎಂಬ ಮಾತು ತಾನೇ ತಾನಾಗಿ ಹೊರಬಿತ್ತು. ಬೆಕ್ಕಿಗಿಂತ ಹೆಚ್ಚು ಬೆಚ್ಚಿಬಿದ್ದವನು ಅವನೇ. ಆ ಸಂಗತಿಯನ್ನು ಅವನು ಯಾರಿಗೂ ತಿಳಿಸಲಿಲ್ಲ.

ಅದಕ್ಕೆ ಕಾರಣ ವಿಮಲಮ್ಮ. ಸಖರಾಯಪಟ್ಟಣದ ಬಸ್ಸಿನಲ್ಲಿ ಕಂಡಕ್ಟರಾಗಿ ದಿನವೆಲ್ಲ ಕೂಗಿ ಮನೆಗೆ ಬಂದ ಮೇಲೂ ಜಯಶೀಲಪ್ಪನ ಬಾಯಿ ನಿಲ್ಲುತ್ತಿರಲಿಲ್ಲ. ಅವಳು ಹೂಂಗುಟ್ಟಿಯೇ ಸಂಸಾರ ಕಳೆದಿದ್ದಳು. ಇವರಿಗೆ ಏನಾದರೂ ತಿಳಿಯುತ್ತದೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಅಂದದ್ದೇ ತಡ, ಅವಳ ಬಾಯಿ ತೆರೆದುಕೊಂಡಿತು. ಮಧ್ಯಾಹ್ನವಾದರೆ ಮಂಚದ ಪಕ್ಕ ಕೂತು, ಅವರೆಕಾಯಿ ಸುಲಿಯುತ್ತ, ಸತ್ತ ಅತ್ತೆಯನ್ನು ಅಣಕಿಸಿ ತೋರಿಸುವಳು. ಹೆಂಡತಿಗೆ ಇಷ್ಟು ತಮಾಷೆ ಬರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ನಿನ್ನೆ ಅಜ್ಜಂಪುರದ ಕಾಂಪೌಂಡರೊಬ್ಬನ ಕಥೆ ಶುರುವಾಗಿತ್ತು. ಮದುವೆಗೆ ಮೊದಲು ಇವಳನ್ನು ಕೇಳಿಕೊಂಡು ಬಂದಿದ್ದವನು. ಗುಂಗುರು ಕೂದಲಂತೆ. ಚೆನ್ನಾಗಿ ಹಾಡುತ್ತಿದ್ದನಂತೆ. "ಆಮೇಲೆ ಒಂದಿನ ಏನಾಯ್ತು ಅಂದ್ರೆ..." ಎನ್ನುವಷ್ಟರಲ್ಲಿ ಕುಕ್ಕರ್ ಕೂಗಿ ಅವಳು ಎದ್ದುಹೋಗಿದ್ದಳು. ಈಗ ಬಾಯಿ ಬಿಟ್ಟರೆ ಆ ಕಥೆ ಅಲ್ಲಿಗೇ ಮುಗಿಯಿತು. ಈ ಇಬ್ಬರೂ ಎದ್ದುಹೋದರೆ ಸಾಕಪ್ಪಾ ಎಂದು ಅವನು ಕಾಯುತ್ತಿದ್ದ.

ಅಷ್ಟರಲ್ಲಿ ನಿಜವಾಗಿಯೂ ಒಂದು ನೊಣ ಬಂದು ಅವನ ಹುಬ್ಬಿನ ಮೇಲೆ ಕೂತಿತು. ರೆಪ್ಪೆ ಬಡಿದೇ ಹೋಯಿತು.

"ಸ್ತೋತ್ರ! ಮಾವ ಒಪ್ಕೊಂಡ್ರು!"

"ಒಪ್ಕೊಂಡಿದ್ದು ನೊಣ ಕಣ್ರೀ."

"ಸರಿಯಾಗಿ ಇದೇ ಹೊತ್ತಿಗೆ ನೊಣ ಕಳಿಸಿದ್ಯಾರು ಹಾಗಾದ್ರೆ?"

"ಕರ್ತ!" ಪ್ರಭುದಾಸ ತೊಡೆ ತಟ್ಟಿದ. "ಈಗ ನೀವಾಗೇ ನನ್ನ ದಾರಿಗೆ ಬಂದ್ರಿ ನೋಡಿ."

ಕಾಫಿ ತಂದ ವಿಮಲಮ್ಮ ಲೋಟ ಕೊಡದೆ ನಿಂತಳು. "ಇಬ್ರೂ ತಿಳಿದೋರು. ನನಗೆ ಒಂದೇ ಒಂದು ಹೇಳಿ. ಇವ್ರು ಹಿಂಗೇ ಕಣ್ಮುಚ್ಚಿದ್ರೆ, ನಾಳೆ ನಾನು ಪರಲೋಕಕ್ಕೆ ಹೋದಾಗ ಅಲ್ಲಿರ್ತಾರೋ ಇಲ್ವೋ?"

ಅಭಿಲಾಷ್ ನೆಲ ನೋಡಿದ. "ಬಾಯಿ ಬಿಟ್ಟು ಒಂದು ಮಾತು ಅಂದಿದ್ರೆ ಧೈರ್ಯವಾಗಿ ಹೇಳ್ತಿದ್ದೆ, ಅತ್ತೆ."

"ಆರಿಸಿಕೊಂಡಿದ್ರೆ ಇರ್ತಾರೆ ಕಣಮ್ಮ," ಎಂದ ಪ್ರಭುದಾಸ, ಅಷ್ಟೇ ಮೆಲ್ಲಗೆ. "ಆರಿಸಿದ್ದಾನೋ ಇಲ್ವೋ ನಮಗೇನು ಗೊತ್ತು?"

ಕಾಫಿ ತುಳುಕಿ ಸೆರಗಿನ ಮೇಲೆ ಬಿದ್ದದ್ದು ವಿಮಲಮ್ಮನಿಗೆ ತಿಳಿಯಲಿಲ್ಲ.

"ಹಂಗಾದ್ರೆ ನಾನೂ ಹೋಗಲ್ಲ ಬಿಡಿ ಅಲ್ಲಿಗೆ," ಎಂದಳು. "ಇವ್ರಿಲ್ದೆ ಅಲ್ಲಿ ಯಾರ ಹತ್ರ ಮಾತಾಡ್ಲಿ ನಾನು?"

ಜಯಶೀಲಪ್ಪ ಕಾಂಪೌಂಡರನನ್ನು ಒಂದು ಗಳಿಗೆ ನೆನೆದ. ಆಮೇಲೆ ಅವನನ್ನು ಅಜ್ಜಂಪುರದಲ್ಲೇ ಬಿಟ್ಟುಬಿಟ್ಟ.

"ನಂಬಿದ್ದೀನಿ," ಎಂದ. ನಾಲಿಗೆ ಸ್ವಲ್ಪ ತೊದಲಿತು. "ಮೊದ್ಲಿಂದ್ಲೂ."

ಕುರ್ಚಿ ಹಿಂದಕ್ಕೆ ಉರುಳಿತು. "ನೋಡಿದ್ರಾ! ಮಾವ ತಾವಾಗೇ ಬಾಯಿ ಬಿಟ್ರು!" ಎಂದು ಅಭಿಲಾಷ್ ಕೂಗಿದ. "ತಾವಾಗೇನಾ? ಸತ್ತು ಬಿದ್ದಿದ್ದ ನಾಲಿಗೇನ ಎಬ್ಬಿಸಿದ್ಯಾರು?" "ಎಬ್ಬಿಸಿರ್ಲಿ, ಆಡಿದ್ದು ಯಾರು?" ಮಾತು ಜೋರಾಗುತ್ತ ಹೊರಗಿನ ಜಗಲಿಗೆ ಹೋಯಿತು. ಮಂಚದಲ್ಲಿದ್ದವನನ್ನು ತಿರುಗಿ ನೋಡಲು ಇಬ್ಬರಿಗೂ ಪುರಸೊತ್ತಿರಲಿಲ್ಲ.

ವಿಮಲಮ್ಮ ಪಕ್ಕದಲ್ಲಿ ಕೂತು, ಅಳುತ್ತ ನಗುತ್ತ, ಸೆರಗಿನಿಂದ ಅವನ ಬಾಯಂಚನ್ನು ಒರೆಸತೊಡಗಿದಳು. ಒರೆಸುತ್ತಿದ್ದ ಕೈ ಗಲ್ಲದ ಹತ್ತಿರ ಬಂದು ಥಟ್ಟನೆ ನಿಂತಿತು.

"ಏನ್ರೀ," ಎಂದಳು, ಬಹಳ ಸಣ್ಣ ದನಿಯಲ್ಲಿ. "ಇಷ್ಟು ದಿನ ನಾನು ಹೇಳ್ತಿದ್ದಿದ್ದೆಲ್ಲ... ಕೇಳಿಸ್ತಿತ್ತಾ ನಿಮಗೆ?"

"ಇಲ್ಲ ಕಣೇ," ಎಂದ ಜಯಶೀಲಪ್ಪ. ಈ ಸಲ ಚೂರೂ ತೊದಲಲಿಲ್ಲ. "ಒಂದಕ್ಷರಾನೂ ಇಲ್ಲ."

ಹೊರಗೆ ಜಗಲಿಯಲ್ಲಿ ಅವನ ಮೊದಲ ಮಾತಿಗಾಗಿ ಹೊಡೆದಾಟ ನಡೆದೇ ಇತ್ತು. ಈ ಎರಡನೇ ಮಾತು ತಮ್ಮದೆಂದು ಹೇಳಿಕೊಳ್ಳಲು ಯಾರೂ ಒಳಗೆ ಬರಲಿಲ್ಲ.