ಸದ್ದಡಗಿದ ಕೀಬೋರ್ಡ್

ಗಂಡ ಕೀಬೋರ್ಡಿನ ಹೊಟ್ಟೆ ಬಗೆದು ಕೂತಿದ್ದ. ಅವಳು ಕೋಣೆಯ ಬಾಗಿಲು ತಳ್ಳಿದ್ದೇ ತಡ, ಪಕ್ಕದಲ್ಲಿದ್ದ ಟವೆಲನ್ನು ಅದರ ಮೇಲೆಳೆದ.

"ಏನದು?"

"ಏನಿಲ್ಲ. ಸ್ವಲ್ಪ ರಿಪೇರಿ."

ಮೊನ್ನೆ ಮೊನ್ನೆ ತಂದ ಕೀಬೋರ್ಡಿಗೆ ಎಂಥ ರಿಪೇರಿ? ಟವೆಲಿನ ಅಂಚಿನಿಂದ ಕಪ್ಪು ಸ್ಪಂಜಿನ ಹಾಳೆಯೊಂದು ಇಣುಕುತ್ತಿತ್ತು. ಮೇಜಿನ ತುದಿಯಲ್ಲಿ ಗ್ರೀಸು ಮೆತ್ತಿದ ಹತ್ತಿಯ ಉಂಡೆಗಳು. ಸ್ಪಂಜು, ಗ್ರೀಸು. ಸದ್ದು ಹುಟ್ಟದ ಹಾಗೆ ಮಾಡುವುದಕ್ಕೆ ಇನ್ನೇನು ಬೇಕು? ಅವಳು ಏನೂ ಕಾಣದವಳಂತೆ ಕಾಫಿ ಲೋಟ ಇಟ್ಟು ಹೊರಬಂದಳು.

ಮನೆಯಲ್ಲೇ ಕೂತು ಅನುವಾದ ಮಾಡುವ ಮನುಷ್ಯ. ಹಳೇ ಕೀಬೋರ್ಡು ಕೈಕೊಟ್ಟಾಗ, ಅಗ್ಗದಲ್ಲಿ ಸಿಕ್ಕಿತೆಂದು ಈ ಮೆಕ್ಯಾನಿಕಲ್ ಕೀಬೋರ್ಡ್ ತಂದಿದ್ದ. ಒಂದೊಂದು ಕೀಯ ಕೆಳಗೂ ಒಂದೊಂದು ಪುಟ್ಟ ಸ್ವಿಚ್ಚು. ಬೇಡವೆನಿಸಿದರೆ ಕಿತ್ತು ಬೇರೆಯದನ್ನು ಕೂರಿಸಬಹುದು. ತಂದ ದಿನವೇ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎರಡು ಸಾಲು ಟೈಪ್ ಮಾಡಿ, ಅವಳ ಮುಖ ನೋಡಿದ್ದ.

"ಸದ್ದು ಹೇಗಿದೆ?"

"ಮೆತ್ತಗಿದೆ. ಒಳ್ಳೇದಾಯ್ತು, ತಲೆನೋವಿಲ್ಲ."

ಖುಷಿಪಡಬೇಕಾದವನ ಮುಖ ಇಳಿದುಹೋಗಿತ್ತು. ಮರುದಿನದಿಂದ ಶುರುವಾಯಿತು ಸ್ಕ್ರೂಡ್ರೈವರ್ ಪ್ರಪಂಚ. ಸ್ವಿಚ್ಚುಗಳ ಪಾರ್ಸೆಲ್ಲು ಬಂತು. ಅದು ಸಾಲದೆಂದು ಇನ್ನೊಂದು ಬಗೆಯವು ಬಂದವು. ಅವನು ಬಿಚ್ಚಿ ಮುಚ್ಚಿದಷ್ಟೂ ಸದ್ದು ಇಳಿಯುತ್ತಾ ಬಂತು. ಈಗಂತೂ ಅವನ ಬೆರಳುಗಳು ಓಡುತ್ತಿದ್ದರೂ ಕೋಣೆ ಸ್ಮಶಾನದಂತಿರುತ್ತಿತ್ತು.

ಅನುವಾದ ಮಾಡುವವನಿಗೆ ಸದ್ದಿನ ಹೆದರಿಕೆ ಯಾಕೆ? ಹೆಂಡತಿಗೆ ಗೊತ್ತಾಗದಂತೆ ಯಾರೊಂದಿಗೋ ಹರಟುವವನಿಗಾದರೆ ಇರುತ್ತದೆ.

ಒಂದು ಸಲ ಹುಳ ಹೊಕ್ಕ ಮೇಲೆ ಎಲ್ಲವೂ ಅನುಮಾನವೇ. ಈಚೆಗೆ ಅವನು ಮಾತಾಡುವ ಮುಂಚೆ ಅವಳ ಭುಜ ಮುಟ್ಟುತ್ತಿದ್ದ. ಮದುವೆಯಾದ ಹೊಸದರಲ್ಲೂ ಇಲ್ಲದ ಪ್ರೀತಿ! ತಪ್ಪು ಮಾಡಿದ ಗಂಡಸರು ಹೀಗೇ ಮೈಮೇಲೆ ಬೀಳುತ್ತಾರೆಂದು ಕ್ಲಿನಿಕ್ಕಿನ ನರ್ಸಮ್ಮ ಹೇಳಿದ್ದಳು. "ಒಂದ್ಸಲ ಡಾಕ್ಟರ ಹತ್ರ ಹೋಗಿಬರೋಣ್ವಾ?" ಎಂದೂ ಕೇಳಿದ್ದ. "ಯಾಕೆ? ನನಗೆ ತಲೆ ಕೆಟ್ಟಿದೆ ಅಂತ ಬರೆಸಿಕೊಂಡು ಬರೋಕಾ?" ಎಂದು ಅವಳು ಹಾರಿಬಿದ್ದಿದ್ದಳು. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಹೊರಗೂ ನೆಮ್ಮದಿ ಇರಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಹಲ್ಲಿನ ಕ್ಲಿನಿಕ್ಕಿನಲ್ಲಿ, ಕೌಂಟರಿನ ಫೋನನ್ನು ಹೊಸ ಹುಡುಗಿಗೆ ಕೊಟ್ಟು, "ನೀವು ಬಿಲ್ ನೋಡ್ಕೊಳ್ಳಿ ಸಾಕು" ಎಂದಿದ್ದರು. ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ಫೋನು ನಿಲ್ಲಿಸಿ ಬರೀ ಮೆಸೇಜು ಕಳಿಸುತ್ತಿದ್ದಳು. "ಫೋನಲ್ಲಿ ಮಾತಾಡಿದ್ರೆ ಸುಮ್ಮನೆ ಜಗಳ ಆಗುತ್ತಮ್ಮ." ಅಪ್ಪನಿಗೆ ಮಾತ್ರ ಫೋನು. ಎಲ್ಲರೂ ಸೇರಿ ತನ್ನನ್ನು ಮೂಲೆಗೆ ತಳ್ಳುತ್ತಿದ್ದಾರೆ. ಈ ಸಂಕಟವನ್ನು ಹೇಳಿಕೊಳ್ಳುವುದಕ್ಕೂ ಯಾರೂ ಇರಲಿಲ್ಲ.

ಗಂಡ ಹರಟುತ್ತಿದ್ದದ್ದು ಯಾರೊಂದಿಗೆ ಎನ್ನುವುದೂ ಆ ಶನಿವಾರ ತಿಳಿಯಿತು. ಕ್ಲಿನಿಕ್ಕಿನಿಂದ ಬಂದು ಮೆಟ್ಟಿಲು ಹತ್ತುವಾಗ, ಕೆಳಗಿನ ಮನೆಯ ಗಣಿತದ ಟೀಚರ್ ಮುಂದೆ ಗಂಡ ಕೈಮುಗಿದು ನಿಂತಿದ್ದ. ಪಿಸುಪಿಸು ಮಾತು. ಅವಳ ಕಿವಿಗೆ ಬಿದ್ದದ್ದು ಕೊನೆಯ ತುಣುಕು: "...ಅವಳಿಗೆ ನಾನೇ ಹೇಳ್ತೀನಿ." ಅವಳನ್ನು ಕಂಡದ್ದೇ ಇಬ್ಬರೂ ಗಪ್‌ಚಿಪ್. ಟೀಚರ್ ತಲೆತಗ್ಗಿಸಿ ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಅವನು ಮತ್ತೆ ಕೀಬೋರ್ಡಿನ ಮುಂದೆ ಕೂತ. ಅವಳು ಹಿಂದೆ ಹೋಗಿ ನಿಂತಳು. ಬೆರಳುಗಳು ಕುಣಿಯುತ್ತಿದ್ದವು. ಸದ್ದೆಂಬುದೇ ಇಲ್ಲ.

"ಏನು ಮುಚ್ಚಿಡ್ತಿದ್ದೀರಿ ನನ್ನಿಂದ?"

ಅವನು ತಿರುಗಿದ. ಅವಳ ಕಣ್ಣನ್ನೇ ನೋಡುತ್ತಾ ಮತ್ತೆ ಕೀಗಳನ್ನು ಒತ್ತಿದ; ಜೋರಾಗಿ, ಇನ್ನೂ ಜೋರಾಗಿ, ಹಟ ಹಿಡಿದ ಮಗುವಿನಂತೆ. ಅವನ ಕಣ್ಣು ತುಂಬಿಕೊಂಡಿತು.

"ಅತ್ತರೆ ಬಿಟ್ಟುಬಿಡ್ತೀನಾ? ಹೇಳಿ. ಆ ಟೀಚರ್ ತಾನೇ?"

ಅವನು ಥಟ್ಟನೆ ಎದ್ದು, ಯಾರೋ ಬರುತ್ತಾರೆಂದು ಮೊದಲೇ ಗೊತ್ತಿದ್ದವನಂತೆ ಹೋಗಿ ಬಾಗಿಲು ತೆರೆದ. ಅಲ್ಲಿ ನಿಂತಿದ್ದವಳು ಆ ಟೀಚರೇ. ಕೆದರಿದ ಕೂದಲು, ಕೆಂಪೇರಿದ ಕಣ್ಣು. ನೇರ ಒಳಗೆ ಬಂದು ಅವಳೆದುರು ನಿಂತಳು. ಬರಲಿ, ಇವತ್ತೇ ಇತ್ಯರ್ಥವಾಗಲಿ ಎಂದುಕೊಂಡು ಅವಳು ಸೆರಗು ಬಿಗಿದಳು.

"ನೀವಾದ್ರೂ ಇವರಿಗೆ ಹೇಳಿ," ಎಂದಳು ಟೀಚರ್. ಗಂಟಲು ಹರಿಯುವಂತೆ ಕೂಗುತ್ತಿದ್ದಳೆಂದು ಕತ್ತಿನ ನರಗಳೇ ಹೇಳುತ್ತಿದ್ದವು. "ಈ ಕೀಬೋರ್ಡ್ ಸದ್ದಿಗೆ ನಮ್ಮ ಮನೇಲಿ ಯಾರಿಗೂ ನಿದ್ದೆಯಿಲ್ಲ. ತಲೆ ಮೇಲೆ ಮೊಳೆ ಹೊಡೆದ ಹಾಗಾಗ್ತಿದೆ!"

ಅವಳಿಗೆ ನಗು ಬಂತು. ಕಟ್ಟುಕಥೆಗೂ ಒಂದು ಮಿತಿ ಬೇಡವೇ?

"ಸದ್ದಾ? ಯಾವ ಸದ್ದು? ಸ್ಪಂಜು ತುರುಕಿ, ಗ್ರೀಸು ಮೆತ್ತಿ ಉಸಿರೇ ಕಟ್ಟಿಸಿದ್ದಾರೆ ಇವರು!"

ಟೀಚರ್ ತೆರೆದ ಬಾಯಿ ಹಾಗೇ ನಿಂತಿತು. ಅವಳನ್ನೂ ಅವಳ ಗಂಡನನ್ನೂ ಬದಲಿಸಿ ಬದಲಿಸಿ ನೋಡಿದಳು. ಟೀಚರಿನ ಸಿಟ್ಟು ಜರ್ರನೆ ಇಳಿದುಹೋಯಿತು.

ಗಂಡ ಹತ್ತಿರ ಬಂದು ಅವಳ ಭುಜ ಮುಟ್ಟಿದ. ತನ್ನ ತುಟಿಗಳು ಅವಳಿಗೆ ಕಾಣುವಂತೆ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದ.

"ತುರುಕಿದ್ದಲ್ಲ ಕಣೇ, ಒಳಗಿದ್ದದ್ದನ್ನೆಲ್ಲ ಕಿತ್ತು ಹಾಕಿದ್ದೀನಿ. ಇಡೀ ಕಟ್ಟಡಕ್ಕೇ ಕೇಳ್ತಿದೆ, ನಿನಗೊಬ್ಬಳಿಗೇ ಕೇಳಿಸ್ತಿಲ್ಲ."