ಬಿಚ್ಚಿಸಬೇಡ ಎಂದಿದ್ದ ಪಟ್ಟಿ

ದೋಣಿಯ ಯಜಮಾನ ಕೀಲಿಕೈಯಿಂದ ಗೀಚಿದ ಕೂಡಲೇ, ಗ್ಯಾರೇಜಿನ ನೆಲದ ಮೇಲಿದ್ದ ಸ್ಪ್ರಿಂಗ್ ಪಟ್ಟಿಯ ಕಪ್ಪು ಬಣ್ಣ ಚಕ್ಕೆಯಾಗಿ ಎದ್ದು, ಒಳಗಿನ ತುಕ್ಕು ಬೆರಳಿಗೆ ಹತ್ತಿತು. ಟ್ರೇಲರ್ ಅಡಿ ಮಲಗಿದ್ದ ಮೆಕ್ಯಾನಿಕ್‌ನತ್ತ ಕೂಗಿದ.

"ಟೀ ಕುಡಿದು ಬರೋದ್ರೊಳಗೆ ಗುಜರಿ ಮಾಲಿಗೆ ಬಣ್ಣ ಬಳಿದು, ಹೊಸದು ಅಂತ ನನ್ನ ಟ್ರೇಲರ್‌ಗೆ ಹಾಕ್ತೀಯಾ? ಯಾರ ಕಿವಿಗೆ ಹೂ ಇಡ್ತಿದ್ದೀಯ?"

ಜೊತೆಗೆ ಬಂದಿದ್ದ ಭಾವ ಟ್ರೇಲರ್ ಮೇಲಿದ್ದ ದೋಣಿಯತ್ತ ಸರಿದ. ದೋಣಿ, ಅದನ್ನು ಸಾಗಿಸುವ ಟ್ರೇಲರ್ ಎರಡನ್ನೂ ಯಜಮಾನನಿಗೆ ಮಾರಿದವನು ಅವನೇ. ಟ್ರೇಲರ್ ಒಂದು ಪಕ್ಕಕ್ಕೆ ವಾಲುತ್ತಿದ್ದರೂ, "ಪಟ್ಟಿ ಹೋದ ವರ್ಷ ಹಾಕಿಸಿದ್ದು ಕಣೋ, ಸುಮ್ನೆ ಬಿಚ್ಚಿಸಬೇಡ" ಎಂದು ದಾರಿಯುದ್ದಕ್ಕೂ ಹೇಳಿದ್ದ.

ಮೆಕ್ಯಾನಿಕ್ ಟ್ರೇಲರ್ ಅಡಿಯಿಂದ ತೆವಳಿ ಬಂದು ಕೈ ಒರೆಸಿಕೊಂಡ. "ಹೊಸದು ಆಗಲೇ ಹಾಕಾಯ್ತು ಸಾರ್, ಬಗ್ಗಿ ನೋಡಿ. ನೀವು ಕೆರೆದಿದ್ದು ನಿಮ್ಮ ಟ್ರೇಲರ್‌ನಿಂದಲೇ ಬಿಚ್ಚಿದ ಹಳೇದು."

ಯಜಮಾನ ತಿರುಗಿ ನೋಡಿದ. ಭಾವ ದೋಣಿಯ ಹಗ್ಗ ಬಿಗಿಯುತ್ತಿದ್ದ. ಅದು ಮೊದಲೇ ಬಿಗಿಯಾಗಿತ್ತು.