ಪೌಡರ್ ಮೆತ್ತಿದ ಮಾರ್ಷಲ್

ಟಾಲ್ಕಮ್ ಪೌಡರಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಕೆನ್ನೆ ಒರೆಸಿಕೊಳ್ಳುತ್ತೇನೆ.

ನಾನು ಹುಡುಗನಾಗಿದ್ದಾಗ ಒಂದು ಮಧ್ಯಾಹ್ನ, ಪರದೇಶದಲ್ಲಿ ನಾವು ನೆಲೆಸಿದ್ದ ಕ್ಯಾಸಲ್‌ನಾಕ್‌ನ ಹಾಲ್ ಒಂದರಲ್ಲಿ ನಮ್ಮ ಕನ್ನಡದವರ ರಾಜ್ಯೋತ್ಸವ, ಮಕ್ಕಳಿಗೆ ಛದ್ಮವೇಷ. ಗುಲಾಮನಾಗಿ ಹುಟ್ಟಿ, ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ದರೋಡೆಕೋರರನ್ನು ಹಿಡಿದು ತಂದ ಕಪ್ಪು ಪೊಲೀಸ್ ಅಧಿಕಾರಿ, ಮಾರ್ಷಲ್ ಒಬ್ಬನ ಕಥೆಯನ್ನು ಲೈಬ್ರರಿಯಲ್ಲಿ ಓದಿ, ಅವನ ವೇಷವನ್ನೇ ಹಾಕಿದ್ದೆ. ಅವನ ಬಣ್ಣ ನನ್ನದೇ ಬಣ್ಣ.

ಮೇಕಪ್ ಮಾಡುತ್ತಿದ್ದ ಆಂಟಿ ನನ್ನ ಗಲ್ಲ ಹಿಡಿದು ಪೌಡರ್ ಮೆತ್ತತೊಡಗಿದರು.

"ಆಂಟಿ, ಅವ್ನು ಬ್ಲ್ಯಾಕ್!" ಎಂದೆ.

"ಸುಮ್ನಿರೋ. ಪೊಲೀಸ್ ಅಂದ್ರೆ ಬೆಳ್ಳಗಿರ್ಬೇಕು. ಕಪ್ಪಗಿದ್ರೆ ಕಳ್ಳ ಅನ್ಕೋತಾರೆ."

ಪಕ್ಕದಲ್ಲಿದ್ದ ಅಮ್ಮ ನಕ್ಕಳು. "ಈಗ ಗ್ರ್ಯಾಂಡ್ ಆಗಿ ಕಾಣ್ತೀಯ ನೋಡು."

ಮೊದಲ ಬಹುಮಾನವೂ ಬಂತು. ಫೋಟೋದಲ್ಲಿ ನನ್ನ ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ತಗಡಿನ ನಕ್ಷತ್ರದ ಬ್ಯಾಡ್ಜ್ ಹಿಡಿದಿದ್ದ ಕೈಗಳು ಮಾತ್ರ ಇನ್ನೂ ಮಾರ್ಷಲ್‌ನವೇ ಆಗಿದ್ದವು.